ಡ್ರೈ ಫೋರ್ಕ್‌ನ ಒಂದು ಅಂಚೆ ಮತ

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಫೋನ್ ಬಂತು. ನಾನು ಒಲೆಯ ಮುಂದೆ ನಿಂತು ಮೊಟ್ಟೆ ಹುರಿಯುತ್ತಿದ್ದೆ.

"ಏನಮ್ಮ ವೆರ್ನಾ, ಎದ್ದಿದೀಯಾ? ನಾನು ಎಲ್ಮರ್."

ಎಲ್ಮರ್ ಸ್ಟಾಲ್ಬರ್ಗ್ ನಾನು ಹುಟ್ಟಿದ ಕೌಂಟಿಯ, ಅಂದರೆ ಜಿಲ್ಲೆಯ, ವಾರಪತ್ರಿಕೆಯ ಸಂಪಾದಕ. ಆ ಪತ್ರಿಕೆಗೆ ವರದಿಗಾರನೂ ಅವನೇ, ಹಂಚುವವನೂ ಅವನೇ. ನನ್ನನ್ನು ಜಡೆ ಹಾಕಿಕೊಂಡಿದ್ದ ಕಾಲದಿಂದ ಬಲ್ಲವನು. ಅಂಕಿಸಂಖ್ಯೆ ಎಂದರೆ ಅವನಿಗೆ ಹುಚ್ಚು.

"ನೀನು ಹೋದ ವಾರ ಇಂಟರ್ನೆಟ್ಟಲ್ಲಿ ಹಾಕಿದ ಪಟ್ಟಿ ನೋಡ್ತಾ ಕೂತಿದ್ದೆ ಕಣಮ್ಮ. ಮತಗಟ್ಟೆವಾರು ಲೆಕ್ಕ. ಅದರಲ್ಲೊಂದು ತಮಾಷೆ ಸಿಕ್ತು."

"ಏನು ತಮಾಷೆ?"

"ಡ್ರೈ ಫೋರ್ಕ್ ಮತಗಟ್ಟೆ. ಶೆರಿಫ್ ಚುನಾವಣೆ. ಒಟ್ಟು ಇಪ್ಪತ್ತೆಂಟು ಓಟು. ಡಾರೆಲ್‌ಗೆ ಇಪ್ಪತ್ತಾರು, ಎದುರಾಳಿಗೆ ಎರಡು. ಪಕ್ಕದ ಸಾಲಲ್ಲಿ ಮತಗಟ್ಟೆಗೇ ಬಂದು ಹಾಕಿದ್ದು ಅಂತಿದೆ. ಅಲ್ಲಿ ಡಾರೆಲ್‌ಗೆ ಇಪ್ಪತ್ತಾರು, ಎದುರಾಳಿಗೆ ಒಂದು. ಮೂರನೇ ಸಾಲು ಅಂಚೆ ಓಟಿಂದು. ಅಲ್ಲಿ ನೀನು ಬರೀ ಗೆರೆ ಎಳೆದಿದೀಯ. ಯಾಕಮ್ಮ ಗೆರೆ? ಕಳೆಯೋಕೆ ಬರೋ ಯಾವ ಮಗೂನೂ ಹೇಳುತ್ತೆ. ಅಂಚೇಲಿ ಬಂದಿದ್ದು ಒಂದೇ ಒಂದು ಓಟು. ಅದು ಡಾರೆಲ್‌ಗೆ ಬಿದ್ದಿಲ್ಲ."

ಮೊಟ್ಟೆ ಕರಕಲಾಯಿತು. ನಾನು ಒಲೆ ಆರಿಸಲಿಲ್ಲ.

ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ಡ್ರೈ ಫೋರ್ಕ್‌ನ ಒಂದೇ ಕೋಣೆಯ ಶಾಲೆಯಲ್ಲಿ ಎಂಟನೇ ತರಗತಿಯವರೆಗೆ ಓದಿ ಆಮೇಲೆ ಊರು ಬಿಟ್ಟವಳು ನಾನು. ಇಪ್ಪತ್ತಮೂರು ವರ್ಷಗಳಿಂದ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಚುನಾವಣೆಗಳ ಪಾಠ ಹೇಳುತ್ತಿದ್ದೇನೆ. ನಮ್ಮಲ್ಲಿ ಹಲವು ಹುದ್ದೆಗಳಿಗೆ ಒಂದೇ ಮತಚೀಟಿ. ಅದರ ಮೇಲಿನಿಂದ ಕೆಳಗಿನವರೆಗೆ ಒಂದೇ ಪಕ್ಷಕ್ಕೆ ಗುರುತು ಹಾಕುತ್ತ ಬಂದ ಮತದಾರ, ಕೆಳಗೆಲ್ಲೋ ಒಂದು ಹೆಸರಿನ ಎದುರು ಮಾತ್ರ ಕೈ ತಪ್ಪಿಸುತ್ತಾನೆ. ಯಾಕೆ ತಪ್ಪಿಸುತ್ತಾನೆ? ನನ್ನ ಇಡೀ ಬದುಕು ಈ ಒಂದು ಪ್ರಶ್ನೆಯ ಹಿಂದೆ ಹೋಗಿದೆ. ಅದಕ್ಕಾಗಿ ರಾಜ್ಯದ ಪ್ರತಿ ಮತಗಟ್ಟೆಯ ಲೆಕ್ಕವನ್ನು ಕೂಡಿಹಾಕಿದ್ದೇನೆ. ಒಂದಂಕಿ ತಪ್ಪಿಲ್ಲ ಎನ್ನುವುದೇ ನನಗಿರುವ ಹೆಸರು.

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹತ್ತಕ್ಕಿಂತ ಕಡಿಮೆ ಮತ ಇರುವ ಸಾಲಿನ ಅಂಕಿಯನ್ನು ಅಚ್ಚು ಹಾಕಬಾರದು. ಹಾಕಿದರೆ ಯಾರು ಯಾರಿಗೆ ಹಾಕಿದರು ಎನ್ನುವುದು ಬಯಲಾಗುತ್ತದೆ. ಈ ನಿಯಮ ಮುರಿದ ಒಬ್ಬ ವಿದ್ಯಾರ್ಥಿಯನ್ನು ನಾನು ತರಗತಿಯಲ್ಲೇ ಎಲ್ಲರೆದುರು ಉಗಿದು ಕಳಿಸಿದ್ದೆ. ಈಗ ನಾನೇ ಅವಸರದಲ್ಲಿ ಒಂದು ಸಾಲು ಮುಚ್ಚಿ ಎರಡು ಸಾಲು ಬಿಟ್ಟಿದ್ದೆ. ಒಂದು ಕಿಟಕಿಗೆ ಪರದೆ ಹಾಕಿ ಬಾಗಿಲು ತೆರೆದಿಟ್ಟ ಹಾಗೆ. ತಪ್ಪನ್ನು ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ಪಟ್ಟಿ ಮಾಡಿದ್ದು ನನ್ನ ಕೈ.

ಆದರೆ ನಾನು ಹೆದರಿದ್ದು ಅದಕ್ಕಲ್ಲ. ಕೌಂಟಿಯ ಪೊಲೀಸ್ ಮುಖ್ಯಸ್ಥ, ಶೆರಿಫ್ ಡಾರೆಲ್, ನನ್ನ ತಂಗಿ ನೋರೀನ್‌ಳ ಗಂಡ. ಮತ್ತು ಆ ಅಂಚೆ ಮತ ಯಾರದೆಂದು ನನಗೆ ಗೊತ್ತಿತ್ತು. ಹೋದ ಅಕ್ಟೋಬರಿನಲ್ಲಿ ನೋರೀನ್ ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಾಗ ದಾದಿಯ ಫೋನಿನಿಂದ ನನಗೆ ಮಾತಾಡಿದ್ದಳು. "ಅಕ್ಕಾ, ಮತಗಟ್ಟೆಗೆ ಹೋಗೋಕಾಗಲ್ಲ ಅಂತ ಓಟಿನ ಚೀಟಿ ಇಲ್ಲಿಗೇ ತರಿಸ್ಕೊಂಡೆ. ಡಾರೆಲ್‌ಗೆ ಗೊತ್ತಿಲ್ಲ" ಎಂದಿದ್ದಳು. ಯಾರಿಗೆ ಹಾಕಿದಳು ಎಂದು ನಾನು ಕೇಳಿರಲಿಲ್ಲ. ಈಗ ಎಲ್ಮರ್ ಹೇಳಿದ.

"ಲೆಕ್ಕ ತಪ್ಪಿದೆ ಎಲ್ಮರ್" ಎಂದೆ. ಬಾಯಿಗೆ ಬಂದದ್ದು ಅದೇ.

"ತಪ್ಪಾ? ನಿಂದಾ?" ಅವನು ನಕ್ಕ. "ನಾನು ಒಂದ್ಸಲ ಆರನ್ನ ಒಂಬತ್ತು ಅಂತ ಅಚ್ಚು ಹಾಕಿದ್ದಕ್ಕೆ ಮೂರು ಪುಟ ಬೈದು ಬರೆದೋಳು ನೀನು. ನಿನ್ನ ಲೆಕ್ಕ ತಪ್ಪೋದಾ?"

"ತಪ್ಪಿದೆ ಅಂದ್ನಲ್ಲ. ಹಾಕ್ಬೇಡ ಅದನ್ನ."

"ಹಂಗಾದ್ರೆ ಬರೆದುಕೊಡು. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗ್ಬೇಕು. ಅಷ್ಟರಲ್ಲಿ ನಾನು ಫಿಲಿಸ್ ಹತ್ರ ಹೋಗಿ ಅಂಚೆ ಓಟು ತಗೊಂಡೋರ ಪಟ್ಟಿ ನೋಡ್ಬೇಕು ಅಂತಿದ್ದೆ. ಹೆಸರು ಅಚ್ಚು ಹಾಕಲ್ಲಪ್ಪ, ಸುಮ್ನೆ ಕುತೂಹಲ."

ಫಿಲಿಸ್ ಕೌಂಟಿಯ ಗುಮಾಸ್ತೆ, ಚುನಾವಣೆ ನಡೆಸುವವಳು. ಯಾರು ಯಾರಿಗೆ ಹಾಕಿದರು ಎನ್ನುವುದು ಗುಟ್ಟು. ಆದರೆ ಯಾರು ಅಂಚೆಯಲ್ಲಿ ಹಾಕಿದರು ಎನ್ನುವ ಪಟ್ಟಿ ಗುಟ್ಟಲ್ಲ. ಕೇಳಿದವರಿಗೆ ತೋರಿಸಬೇಕು. ಡ್ರೈ ಫೋರ್ಕ್ ಎದುರು ಒಂದೇ ಹೆಸರು ಇರುತ್ತದೆ.

"ಬೇರೆ ಯಾರಿಗಾದ್ರೂ ಹೇಳಿದೀಯಾ?"

"ನಿನ್ನೆ ಸಂಜೆ ಡಾರೆಲ್ಲೇ ಬಂದಿದ್ದ ನಮ್ಮ ಆಫೀಸಿಗೆ. ಅವನಿಗೊಂದು ಪ್ರತಿ ಕೊಟ್ಟೆ. ಕಳೆದು ನೋಡು ಮಾರಾಯ ಅಂದೆ. ತಲೆ ಕೆರ್ಕೊಂಡು ಜೇಬಿಗಿಟ್ಕೊಂಡು ಹೋದ."

ನಾನು ಪಟ್ಟಿಯನ್ನು ಇಂಟರ್ನೆಟ್ಟಿನಿಂದ ತೆಗೆದುಹಾಕಿ ಕಾರು ಹತ್ತಿದೆ. ನೋರೀನ್‌ಗೆ ಫೋನ್ ಮಾಡಲಿಲ್ಲ. ಆ ಫೋನು ಡಾರೆಲ್‌ನ ಹೆಸರಿನಲ್ಲಿದೆ. ಅವಳಿಗೆ ಬಂದ ಪ್ರತಿ ಕರೆ, ಪ್ರತಿ ಸಂದೇಶ ಅವನು ನೋಡುತ್ತಾನೆ.

ಮೂರೂವರೆ ಗಂಟೆಯ ದಾರಿ. ಪಶ್ಚಿಮಕ್ಕೆ ಹೋದಷ್ಟೂ ಮರ ಕಡಿಮೆ, ಗಾಳಿ ಜಾಸ್ತಿ. ಹಾದಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಬೈದು ಮುಗಿದ ಮೇಲೆ ಭಯ ಬಂತು. ಬೈಗುಳ ಇರುವವರೆಗೆ ಭಯಕ್ಕೆ ಜಾಗ ಇರುವುದಿಲ್ಲ.

ಡಾರೆಲ್ ಚುನಾವಣೆಯಲ್ಲಿ ಗೆದ್ದಿದ್ದ. ಗೆದ್ದವನಿಗೆ ಸಮಾಧಾನ ಇರಬೇಕಲ್ಲ, ಇರಲಿಲ್ಲ. ಬೇರೆ ಮತಗಟ್ಟೆಗಳಲ್ಲಿ ಬೀಳದ ಮತಗಳ ಬಗ್ಗೆ ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ತನ್ನ ಮನೆಯಿರುವ ಡ್ರೈ ಫೋರ್ಕ್‌ನಲ್ಲಿ ಎರಡು ಮತ ತನ್ನ ವಿರುದ್ಧ! ಕಾಫಿ ಅಂಗಡಿಯಲ್ಲಿ ಕೂತು ಹೇಳಿದ್ದನಂತೆ: "ಒಂದು ಯಾರದು ಗೊತ್ತು. ಇನ್ನೊಂದು ಹುಡುಕ್ತೀನಿ." ಗೊತ್ತಿದ್ದದ್ದು ಮುದುಕ ಹಾಲ್ವರ್ಸನ್‌ನದು. ಬೇಲಿಯ ಜಗಳ ಹಳೆಯದು. ಡಿಸೆಂಬರಿನಲ್ಲಿ ಒಂದು ರಾತ್ರಿ ಹಾಲ್ವರ್ಸನ್‌ನ ಕೊಟ್ಟಿಗೆಯ ಗೇಟು ತಾನಾಗಿಯೇ ತೆರೆದುಕೊಂಡಿತು. ಹನ್ನೊಂದು ಹಸು ಹೆದ್ದಾರಿಗೆ ಬಂದವು. ಅವುಗಳಲ್ಲಿ ನಾಲ್ಕು ಹಸು ಲಾರಿಗೆ ಸಿಕ್ಕು ಸತ್ತವು. ಹಸು ರಸ್ತೆಗೆ ಬಿಟ್ಟದ್ದಕ್ಕೆ ಡಾರೆಲ್‌ನೇ ಹೋಗಿ ಮುದುಕನಿಗೆ ದಂಡದ ಚೀಟಿ ಕೊಟ್ಟು ಬಂದ. ಅದು ಗೊತ್ತಿದ್ದ ಮತದ ಗತಿ. ಗೊತ್ತಿಲ್ಲದ ಮತವನ್ನು ಐದು ತಿಂಗಳಿಂದ ಹುಡುಕುತ್ತಿದ್ದ.

ನೋರೀನ್ ಮೂರು ವರ್ಷದಲ್ಲಿ ಮೂರು ಸಲ ಬಿದ್ದಿದ್ದಳು. ಒಮ್ಮೆ ಮಣಿಕಟ್ಟು, ಒಮ್ಮೆ ಪಕ್ಕೆಲುಬು, ಕೊನೆಗೆ ಸೊಂಟ. ಪ್ರತಿ ಸಲವೂ ಜಗಲಿಯ ಮೆಟ್ಟಿಲು. ಆ ಮೆಟ್ಟಿಲನ್ನು ನಾನು ನೋಡಿದ್ದೇನೆ. ಎರಡೇ ಇವೆ. ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ನಾನು ಏನೂ ಮಾಡಿರಲಿಲ್ಲ. ದೂರು ಕೊಡಬೇಕಾದದ್ದು ಶೆರಿಫ್‌ಗೆ.

ಹನ್ನೊಂದೂವರೆಗೆ ಅವರ ಅಂಗಳಕ್ಕೆ ಕಾರು ತಿರುಗಿಸಿದೆ. ಬಿಳಿ ಪೊಲೀಸ್ ಗಾಡಿ ಅಲ್ಲೇ ನಿಂತಿತ್ತು. ಹಾಗೇ ಮುಂದೆ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಡಾರೆಲ್ ಜಗಲಿಗೆ ಬಂದ. ಸೊಂಟದಲ್ಲಿ ಪಿಸ್ತೂಲು, ಕತ್ತಿನಲ್ಲಿ ಊಟದ ಕರವಸ್ತ್ರ.

"ಓಹೋ! ಪ್ರೊಫೆಸರಮ್ಮ! ಸರಿಯಾಗಿ ಊಟದ ಹೊತ್ತಿಗೆ ಬಂದ್ರಿ. ಮೂಗು ಚುರುಕು ನಿಮ್ಮದು."

"ನೋರೀನ್ ಕಾಲು ಹೇಗಿದೆ ನೋಡೋಣ ಅಂತ ಬಂದೆ" ಎಂದು ದಾರಿಯಲ್ಲಿ ಕೊಂಡ ಸೇಬಿನ ಪೈ ಡಬ್ಬಿಯನ್ನು ಮುಂದೆ ಹಿಡಿದೆ.

"ಮೂರೂವರೆ ಗಂಟೆ ಗಾಡಿ ಓಡಿಸ್ಕೊಂಡು, ಮಂಗಳವಾರದ ದಿನ, ಪಾಠ ಬಿಟ್ಟು! ಅಕ್ಕ ಅಂದ್ರೆ ಹಿಂಗಿರ್ಬೇಕು" ಎಂದು ನಕ್ಕು ಬಾಗಿಲು ಹಿಡಿದು ನಿಂತ. ನಾನು ಅವನ ತೋಳಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋಗಬೇಕಾಯಿತು.

ನೋರೀನ್ ಊರುಗೋಲು ಹಿಡಿದು ಒಲೆಯ ಹತ್ತಿರ ನಿಂತಿದ್ದಳು. ನನ್ನ ಮುಖ ನೋಡಿದಳು. ಏನೋ ಆಗಿದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಆದರೆ ಏನೆಂದು ತಿಳಿಯಲಿಲ್ಲ. ಹೇಳುವ ಹಾಗೂ ಇರಲಿಲ್ಲ.

ಮೇಜಿನ ಮೇಲೆ ಮಾಂಸ, ಹಿಸುಕಿದ ಆಲೂಗಡ್ಡೆ, ಹುರುಳಿಕಾಯಿ. ಡಾರೆಲ್‌ನ ತಟ್ಟೆಯ ಪಕ್ಕದಲ್ಲಿ ನನ್ನ ಪಟ್ಟಿ. ಅದರ ಮೇಲೆ ಪೆನ್ಸಿಲ್. ಡ್ರೈ ಫೋರ್ಕ್ ಸಾಲಿನ ಸುತ್ತ ವೃತ್ತ ಎಳೆದಿದ್ದ. ಕೆಳಗೆ ಇಪ್ಪತ್ತೆಂಟು ಬರೆದಿದ್ದ. ಅದರ ಕೆಳಗೆ ಇನ್ನೂ ಏನೂ ಬರೆದಿರಲಿಲ್ಲ.

ಅವನು ತಲೆ ಬಾಗಿಸಿ ಊಟದ ಪ್ರಾರ್ಥನೆ ಶುರುಮಾಡಿದ. ಅವನ ಮನೆಯಲ್ಲಿ ಪ್ರಾರ್ಥನೆ ಉದ್ದ. ಅನ್ನಕ್ಕೆ, ಮಳೆಗೆ, ದೇಶಕ್ಕೆ ವಂದಿಸಿದ. ಕೊನೆಗೆ, "ನಂಬಿದ ಜನರ ನಡುವೆ ಇರೋ ಕಳ್ಳರನ್ನ ಬೆಳಕಿಗೆ ತಾ ದೇವರೇ" ಎಂದ. ನೋರೀನ್ "ಆಮೆನ್" ಎಂದಳು.

"ಈಗ ಹೇಳಿ ಪ್ರೊಫೆಸರಮ್ಮ" ಎಂದು ಪಟ್ಟಿಯನ್ನು ನನ್ನ ಕಡೆ ತಳ್ಳಿದ. "ಎಲ್ಮರ್ ಏನೋ ಕಳೀ ಅಂದ. ನಾನು ಶಾಲೇಲಿ ಲೆಕ್ಕದಲ್ಲಿ ದಡ್ಡ. ಈ ಗೆರೆ ಏನಿದು?"

"ಸಣ್ಣ ಅಂಕಿ ಇದ್ರೆ ಮುಚ್ತೀವಿ."

"ಮುಚ್ಚಿದ್ರಲ್ಲಿ ಏನಿದೆ?"

ಆಲೂಗಡ್ಡೆಯ ಪಾತ್ರೆ ಹಿಡಿದು ನೋರೀನ್ ನನ್ನ ಹಿಂದೆಯೇ ನಿಂತಿದ್ದಳು. ಪಟ್ಟಿ ಅವಳ ಕಣ್ಣಿಗೂ ಕಾಣುತ್ತಿತ್ತು. ಅವಳು ನನಗಿಂತ ಲೆಕ್ಕದಲ್ಲಿ ಚುರುಕು, ಚಿಕ್ಕಂದಿನಿಂದಲೂ. ಚಮಚ ಪಾತ್ರೆಯ ಅಂಚಿಗೆ ತಾಗಿ ಟಣ್ ಎಂದಿತು. ಮತ್ತೆ ಟಣ್ ಟಣ್ ಎಂದಿತು. ಆ ಸದ್ದು ಡಾರೆಲ್‌ಗೆ ಕೇಳಿಸಬಾರದಿತ್ತು.

"ಏನೂ ಇಲ್ಲ. ಆ ಸಾಲೇ ತಪ್ಪು" ಎಂದು ಜೋರಾಗಿ ಹೇಳಿದೆ. "ಬೇರೆ ಕೌಂಟಿಯ ಅಂಕಿ ಬಂದು ಸೇರ್ಕೊಂಡಿದೆ. ಅದಕ್ಕೇ ಬೆಳಿಗ್ಗೆ ಪಟ್ಟಿನೇ ತೆಗೆದುಹಾಕಿದೆ."

"ತೆಗೆದುಹಾಕಿದ್ರಾ! ಬೆಳಿಗ್ಗೆನೇ!" ಅವನು ಅಗಿಯುವುದನ್ನು ನಿಲ್ಲಿಸಿದ. "ಎಲ್ಮರ್ ಫೋನ್ ಮಾಡಿರ್ಬೇಕು. ಆಮೇಲೆ ಕಾರು ಹತ್ತಿದ್ರಿ. ತಂಗಿ ಕಾಲು ನೋಡೋಕೆ."

ನಾನು ಮಾಂಸದ ತುಂಡು ಕತ್ತರಿಸತೊಡಗಿದೆ.

"ನೋಡಿ, ನಂಗೆ ಒಂದೇ ಬೇಕಾಗಿರೋದು. ಆ ಎರಡನೇ ನಾಯಿ ಯಾರು? ನೀವು ಹೆಸರು ಇಟ್ಕೊಂಡು ಮುಚ್ತಿದೀರಾ? ನಿಮ್ಮಂಥ ಓದಿದೋರಿಗೆ ಎಲ್ಲರ ಹೆಸರೂ ಗೊತ್ತಿರುತ್ತಂತೆ."

"ಯಾರ ಹೆಸರೂ ನನಗೆ ಗೊತ್ತಿರಲ್ಲ. ಲೆಕ್ಕ ತಪ್ಪು, ಅಷ್ಟೇ."

"ನೋರೀನ್ ಒಬ್ಳು ಆಸ್ಪತ್ರೇಲಿ ಬಿದ್ದಿದ್ಳು, ಓಟು ಹಾಕೋಕಾಗ್ಲಿಲ್ಲ. ಇಲ್ದಿದ್ರೆ ನಂಗೆ ಇಪ್ಪತ್ತೇಳಾಗ್ತಿತ್ತು. ಅಲ್ವೇನೇ?"

"ಹೌದು" ಎಂದಳು ನೋರೀನ್.

ಅವನು ಎದ್ದು ಹೋಗಿ ಒಂದು ಖಾಲಿ ಹಾಳೆ ತಂದು ನನ್ನ ತಟ್ಟೆಯ ಮೇಲೆಯೇ ಇಟ್ಟ. ಮಾಂಸದ ಸಾರು ಹಾಳೆಯ ಮೂಲೆಗೆ ಹತ್ತಿತು.

"ಬರೀರಿ. ಡ್ರೈ ಫೋರ್ಕ್ ಲೆಕ್ಕ ಸುಳ್ಳು ಅಂತ. ಕೆಳಗೆ ಸಹಿ, ಪದವಿ ಎಲ್ಲ ಹಾಕಿ. ತಪ್ಪಿದ್ರೆ ಬರೆಯೋಕೇನು ಕಷ್ಟ?"

ಬಾಯಲ್ಲಿ ಹೇಳಿದ್ದು ಬೇರೆ, ಸಹಿ ಹಾಕಿದ್ದು ಬೇರೆ. ನಮ್ಮ ಕಸುಬಿನವಳೊಬ್ಬಳು ತನ್ನ ಅಂಕಿ ಸುಳ್ಳು ಎಂದು ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು. ಆ ಅಂಕಿಯ ಮೇಲೆ ಬರೆದ ಪುಸ್ತಕ ಮುಂದಿನ ತಿಂಗಳು ಬರಬೇಕಿತ್ತು. ಅಂಕಿ ಸರಿಯಾಗಿಯೇ ಇತ್ತು. ಫಿಲಿಸ್ ಮುದ್ರೆ ಒತ್ತಿ ಕಳಿಸಿದ ಹಾಳೆ ನನ್ನ ಕಪಾಟಿನಲ್ಲಿತ್ತು. ನನ್ನ ಹಿಂದೆ ಚಮಚ ಮತ್ತೆ ಟಣ್ ಎಂದಿತು.

ಬರೆದೆ. ಸಹಿ ಹಾಕಿದೆ.

ಅವನು ಅದನ್ನು ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿಗಿಟ್ಟುಕೊಂಡ. ಪೈ ತಿಂದ. ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಆದ್ರೂ ಫಿಲಿಸ್ ಹತ್ರ ಅಂಚೆ ಪಟ್ಟಿ ಒಂದ್ಸಲ ನೋಡ್ಕೊಂಡ್ಬರ್ತೀನಿ. ಲೆಕ್ಕ ತಪ್ಪಿರಬಹುದು, ಹೆಸರು ತಪ್ಪಲ್ವಲ್ಲ" ಎಂದು ಹೋದ.

ಗಾಡಿಯ ಧೂಳು ಅಡಗುವವರೆಗೆ ನಾವಿಬ್ಬರೂ ಅಲುಗಾಡಲಿಲ್ಲ. ಕೌಂಟಿ ಕಚೇರಿ ಎಂಟು ಮೈಲಿ. ಹೋಗಲು ಹತ್ತು ನಿಮಿಷ, ಬರಲು ಆರೇ ಸಾಕು. ಅವನನ್ನು ಹಿಡಿಯುವ ಪೊಲೀಸರು ಯಾರಿದ್ದಾರೆ?

"ಹೊರಡು" ಎಂದೆ.

"ಎಲ್ಲಿಗೆ?"

"ನಮ್ಮನೆಗೆ. ಕೋಟು ಹಾಕ್ಕೋ."

"ಹೋದ್ರೆ ನಾನೇ ಅಂತ ಒಪ್ಕೊಂಡ ಹಾಗಾಗುತ್ತೆ."

"ಹೋಗ್ದಿದ್ರೂ ಗೊತ್ತಾಗುತ್ತೆ. ಪಟ್ಟೀಲಿ ನಿನ್ನೊಬ್ಳದೇ ಹೆಸರು ಕಣೇ!"

ಅವಳು ಕುರ್ಚಿಯ ಮೇಲೆ ಕುಸಿದಳು. ಮುಖದಲ್ಲಿ ರಕ್ತವಿರಲಿಲ್ಲ. "ಯಾರೂ ನೋಡಲ್ಲ ಅಂದ್ಕೊಂಡಿದ್ದೆ ಅಕ್ಕಾ. ಪರದೆ ಎಳೆದಿತ್ತು. ಪಕ್ಕದ ಮಂಚದೋಳು ನಿದ್ದೆ ಮಾಡ್ತಿದ್ಳು. ದಾದಿ ಹತ್ರ ಪೆನ್ನು ಇಸ್ಕೊಂಡೆ. ಹದಿನೇಳು ವರ್ಷದಲ್ಲಿ ಅವನಿಗೆ ಗೊತ್ತಿಲ್ದೆ ನಾನು ಮಾಡಿದ್ದು ಅದೊಂದೇ ಕೆಲಸ. ಅದನ್ನೂ ತಗೊಂಡೋಗಿ ಊರಿಗೆಲ್ಲ ಹಾಕಿದೀಯಲ್ಲ."

"ನನ್ನ ತಪ್ಪು" ಎಂದೆ. ನನಗೆ ಆ ಮಾತು ಸುಲಭವಾಗಿ ಬರುವುದಿಲ್ಲ.

"ಹತ್ತು ಸಾವಿರ ಜನರ ಮನೆಗೆ ಹೋಗಿ ಯಾರಿಗೆ ಹಾಕಿದ್ರಿ, ಯಾಕೆ ಹಾಕಿದ್ರಿ ಅಂತ ಕೇಳಿದೀಯ. ಜುಲೈನಲ್ಲಿ ಉದ್ದ ತೋಳಿನ ಅಂಗಿ ಯಾಕೆ ಹಾಕ್ತೀಯ ಅಂತ ನನ್ನ ಒಂದಿನ ಕೇಳ್ಲಿಲ್ಲ ನೀನು."

ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕಿರುಚುತ್ತೇನೆ. "ಈಗ ಜಗಳ ಆಡೋ ಹೊತ್ತಾ? ಏಳೇ! ಏಳು!"

ಅವಳು ಎದ್ದಳು. ಏಳುವುದಕ್ಕೇ ಅರ್ಧ ನಿಮಿಷ ಬೇಕಾಯಿತು. ಮಾತ್ರೆಯ ಡಬ್ಬಿ, ಕೋಟು, ಕನ್ನಡಕ. ಬಾಗಿಲವರೆಗೆ ಬಂದವಳು ತಿರುಗಿ ಹೋಗಿ ನಲ್ಲಿ ತಿರುಗಿಸಿ ತಟ್ಟೆ ತೊಳೆಯತೊಡಗಿದಳು. ತಟ್ಟೆ ಬಿಟ್ಟುಹೋದರೆ ಅವನಿಗೆ ಸಿಟ್ಟು ಬರುತ್ತದಂತೆ. ನಾನು ಅವಳ ಕೈಯಿಂದ ತಟ್ಟೆ ಕಿತ್ತು ತೊಟ್ಟಿಗೆ ಎಸೆದೆ. ಒಡೆಯಿತು. ಅವಳು ಒಡೆದ ತಟ್ಟೆ ನೋಡುತ್ತ ನಿಂತಳು. ಆಮೇಲೆ ನಲ್ಲಿ ನಿಲ್ಲಿಸಿ ನನ್ನ ತೋಳು ಹಿಡಿದುಕೊಂಡಳು. ಅವಳ ಬೆರಳು ಐಸಿನ ಹಾಗಿದ್ದವು.

ಕೌಂಟಿಯ ಗಡಿ ಪೂರ್ವಕ್ಕೆ ಇಪ್ಪತ್ತೆರಡು ಮೈಲಿ. ರಸ್ತೆ ನೇರ, ಬೋಳು. ಮುಂದೆ ಹೋಗುವುದೂ ಹಿಂದೆ ಬರುವುದೂ ಎರಡು ಮೈಲಿಯಿಂದ ಕಾಣುತ್ತದೆ. ನೋರೀನ್ ಪಕ್ಕದ ಕನ್ನಡಿಯನ್ನೇ ನೋಡುತ್ತಿದ್ದಳು. ಹದಿನಾಲ್ಕನೇ ಮೈಲಿಯಲ್ಲಿ, "ಬಂದ" ಎಂದಳು.

ನನಗೆ ಮೊದಲು ಕಾಣಲಿಲ್ಲ. ಆಮೇಲೆ ರಸ್ತೆಯ ತುದಿಯಲ್ಲಿ ಒಂದು ಬಿಳಿ ಚುಕ್ಕೆ. ಅದು ದೊಡ್ಡದಾಗುತ್ತ ಬಂತು. ನಾನು ಆಕ್ಸಿಲರೇಟರ್ ತುಳಿದೆ. ನನ್ನ ಹಳೆಯ ಕಾರು ಎಂಬತ್ತು ಮೈಲಿಗೆ ಗಡಗಡ ನಡುಗಿತು. ಹದಿನೆಂಟನೇ ಮೈಲಿಗೆ ಅವನ ಗಾಡಿಯ ಮೂತಿ ನನ್ನ ಕನ್ನಡಿಯ ತುಂಬ ಇತ್ತು. ಕೆಂಪು ನೀಲಿ ದೀಪ ಹತ್ತಿಕೊಂಡಿತು.

"ನಿಲ್ಸು ಅಕ್ಕಾ. ನಿಲ್ಸದಿದ್ರೆ ಅದೇ ಅಪರಾಧ ಅಂತಾನೆ."

"ಇಲ್ಲಿ ನಿಲ್ಸಿದ್ರೆ ಯಾರಿದಾರೆ ನೋಡೋಕೆ?"

ಸುತ್ತ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಅವನು ಸೈರನ್ ಹಾಕಿದ. ಆಮೇಲೆ ಪಕ್ಕಕ್ಕೆ ಬಂದ. ಒಂದು ಕ್ಷಣ ಅವನ ಮುಖ ನನ್ನ ಕಿಟಕಿಗೆ ನೇರವಾಗಿ ಬಂತು. ಅವನು ನನ್ನನ್ನು ನೋಡುತ್ತಿರಲಿಲ್ಲ. ನನ್ನನ್ನು ದಾಟಿ ನೋರೀನ್‌ಳನ್ನು ನೋಡುತ್ತಿದ್ದ. ಸಿಟ್ಟಿನ ಮುಖವಾಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅದು ಸತ್ತ ಮುಖದ ಹಾಗೆ ಶಾಂತವಾಗಿತ್ತು. ಎದುರಿನಿಂದ ದನದ ಲಾರಿಯೊಂದು ಬಂತು. ಅವನು ಹಿಂದೆ ಸರಿಯಬೇಕಾಯಿತು.

ಗಡಿಯ ಬೋರ್ಡು ದಾಟಿದೆ. ಅವನು ನಿಲ್ಲಲಿಲ್ಲ. ಅಲ್ಲಿಗೆ ಅವನ ಅಧಿಕಾರ ಮುಗಿಯುತ್ತದೆ ಎಂದು ನಾನು ನಂಬಿಕೊಂಡು ಬಂದಿದ್ದೆ. ದಾಟಿದ ಮೇಲೂ ಅವನು ಹಿಂದೆಯೇ ಇದ್ದ. ದೀಪ ಮಾತ್ರ ಆರಿಸಿದ. ಒಂದು ಮೈಲಿ ಮುಂದೆ ರೈತರ ಸಂಘದ ದೊಡ್ಡ ಧಾನ್ಯದ ಕಣಜ ಇದೆ. ಮುಂದೆ ಲಾರಿ ನಿಲ್ಲುವ ಜಾಗ. ಐದಾರು ಜನ ಗಂಡಸರು ಬೀಜದ ಚೀಲ ತುಂಬುತ್ತ ಕಾಫಿ ಕುಡಿಯುತ್ತಿದ್ದರು. ನಾನು ನೇರ ಅವರ ನಡುವೆ ಕಾರು ನುಗ್ಗಿಸಿ ನಿಲ್ಲಿಸಿ ಬಾಗಿಲುಗಳಿಗೆ ಬೀಗ ಹಾಕಿದೆ.

ಡಾರೆಲ್ ಇಳಿದ. ಕೈ ಸೊಂಟದ ಮೇಲಿತ್ತು. ನೋರೀನ್‌ಳ ಕಿಟಕಿಯ ಹತ್ತಿರ ಬಂದು ಬೆರಳ ಗಂಟಿನಿಂದ ಗಾಜಿಗೆ ಕುಟ್ಟಿದ. ಅವಳು ಎರಡು ಬೆರಳಷ್ಟು ಇಳಿಸಿದಳು.

"ಪಟ್ಟೀಲಿ ಒಂದೇ ಹೆಸರು" ಎಂದ. ಪಿಸುಮಾತು. "ಇಳಿ."

ನೋರೀನ್ ಅಲುಗಾಡಲಿಲ್ಲ. ಅವಳ ಉಸಿರು ಗಾಜಿನ ಮೇಲೆ ಮಂಜು ಕಟ್ಟಿ ಹೋಗಿ ಕಟ್ಟಿ ಹೋಗಿ ಮಾಡುತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು. ಬೈಗುಳಕ್ಕೆ ಹೆಸರಾದವಳು ನಾನು. ಸ್ಟೀರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಏನ್ ಶೆರಿಫ್ ಸಾಹೇಬ್ರೇ!" ಲಾರಿಯ ಮೇಲೆ ನಿಂತಿದ್ದ ಒಬ್ಬ ದಪ್ಪ ಮನುಷ್ಯ ಕೂಗಿದ. "ನಮ್ಮ ಕೌಂಟಿಗೂ ಓಟು ಕೇಳೋಕೆ ಬಂದ್ರಾ? ನಿಮ್ಮ ಮನೆ ಬಾಗಿಲಲ್ಲೇ ಎರಡು ಬೀಳ್ಲಿಲ್ವಂತೆ, ಇಲ್ಲಿ ಯಾರು ಹಾಕ್ತಾರೆ!"

ಎಲ್ಲರೂ ನಕ್ಕರು. ಇನ್ನೊಬ್ಬ, "ಎರಡನೇದು ಸಿಕ್ತಾ ಸಾಹೇಬ್ರೇ? ಹುಡುಕ್ತಿದೀರಂತಲ್ಲ, ಕಳೆದುಹೋದ ಕರು ಹುಡುಕೋ ಹಂಗೆ?" ಎಂದ.

ಡಾರೆಲ್‌ನ ಬೆನ್ನು ಸೆಟೆಯಿತು. ಕಿವಿ ಕೆಂಪಾದವು.

ಆಗ ನೋರೀನ್ ಕಿಟಕಿಯ ಸಂದಿಗೆ ಬಾಯಿ ತಂದು ಹೇಳಿದಳು. ಅವನಿಗೆ ಮಾತ್ರ ಕೇಳುವಷ್ಟು ದನಿ, ಆದರೆ ಮಾತು ಸ್ಪಷ್ಟವಾಗಿತ್ತು. "ಸಿಕ್ತು ಅಂತ ಹೇಳು ಅವರಿಗೆ. ಯಾರು ಅಂತಾನೂ ಹೇಳು. ನಿನ್ನ ಹೆಂಡ್ತಿ ಅಂತ ಹೇಳು."

ಅವನು ಅವಳನ್ನು ನೋಡಿದ. ಆ ಗಂಡಸರನ್ನು ನೋಡಿದ. ಹತ್ತು ಕ್ಷಣ ಇರಬಹುದು. ಇಪ್ಪತ್ತಮೂರು ವರ್ಷ ಅಭ್ಯರ್ಥಿಗಳನ್ನು ಓದಿದ ನನಗೆ ಆ ಹತ್ತು ಕ್ಷಣದಲ್ಲಿ ಅವನು ಏನು ಮಾಡುತ್ತಾನೆಂದು ಹೇಳಲಾಗಲಿಲ್ಲ. ಅವನ ಕೈ ಪಿಸ್ತೂಲಿನ ಹಿಡಿಯ ಮೇಲೇ ಇತ್ತು. ಸ್ವಂತ ಮನೆಯ ಮತ ಬೀಳಲಿಲ್ಲ ಎಂದು ಊರಿನ ಬಾಯಿಗೆ ಬಿದ್ದ ಅಭ್ಯರ್ಥಿ ಮತ್ತೆ ತಲೆ ಎತ್ತುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಕೈ ಪಿಸ್ತೂಲು ಬಿಟ್ಟು ಅಂಗಿಯ ಜೇಬಿಗೆ ಹೋಯಿತು. ನನ್ನ ಸಹಿಯ ಹಾಳೆ ತೆಗೆದು ಮೇಲಕ್ಕೆ ಹಿಡಿದ.

"ಯಾವ ಎರಡನೇದು ರೀ?" ಎಂದು ಅವರ ಕಡೆ ತಿರುಗಿ ದೊಡ್ಡದಾಗಿ ನಕ್ಕ. "ಎಲ್ಮರ್ ಅಂಚೆ ಓಟು ಅಂಚೆ ಓಟು ಅಂತ ಕುಣೀತಿದಾನಲ್ಲ, ಎಲ್ಲ ಸುಳ್ಳು! ಇಲ್ಲಿ ನೋಡಿ, ನನ್ನ ಹೆಂಡ್ತಿ ಅಕ್ಕ, ಯೂನಿವರ್ಸಿಟಿ ಪ್ರೊಫೆಸರ್, ಲೆಕ್ಕ ತಪ್ಪು ಅಂತ ಸಹಿ ಹಾಕಿಕೊಟ್ಟಿದಾರೆ. ಕಳೆಯೋಕೆ ಬರದೋರೆಲ್ಲ ಪ್ರೊಫೆಸರ್‌ಗಳು!"

ಅವರು ಇನ್ನೂ ಜೋರಾಗಿ ನಕ್ಕರು. ಈ ಸಲ ನನ್ನನ್ನು ನೋಡಿ. ನಾನು ತಲೆಯಾಡಿಸಿದೆ. ಹೌದು, ತಪ್ಪು.

"ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದಾರೆ ಇವಳನ್ನ" ಎಂದು ಅವರಿಗೆ ಹೇಳಿ, ಕಿಟಕಿಯ ಕಡೆ ಬಗ್ಗಿ ತಣ್ಣಗೆ ಕೇಳಿದ: "ಬರೋದು ಯಾವಾಗ?"

"ಡಾಕ್ಟರ್ ಹೇಳಿದಾಗ" ಎಂದಳು.

"ಕಾಯ್ತೀನಿ."

ಟೋಪಿ ಸರಿಮಾಡಿಕೊಂಡು ಹೋದ. ಅವನ ಗಾಡಿ ಕಣ್ಮರೆಯಾದ ಮೇಲೂ ನನ್ನ ಕೈ ಸ್ಟೀರಿಂಗ್ ಬಿಡಲಿಲ್ಲ. ನೋರೀನ್ ಒಂದೊಂದೇ ಬೆರಳು ಬಿಡಿಸಿದಳು.

ಗುರುವಾರದ ಪತ್ರಿಕೆಯ ಮೊದಲ ಪುಟದಲ್ಲಿ ನನ್ನ ಕೈಬರಹದ ಚಿತ್ರ ಬಂತು, ಸಾರಿನ ಕಲೆಯ ಸಮೇತ. ಡಾರೆಲ್‌ನೇ ಒಯ್ದು ಕೊಟ್ಟಿದ್ದ. ಫಿಲಿಸ್‌ಳ ಪಟ್ಟಿ ನೋಡುವ ಕುತೂಹಲ ಎಲ್ಮರ್‌ಗೆ ಹೊರಟುಹೋಗಿತ್ತು. ತಪ್ಪು ಲೆಕ್ಕದ ಹಿಂದೆ ಯಾರು ಹೋಗುತ್ತಾರೆ? ಆ ಪುಟ ಶುಕ್ರವಾರ ವಿಶ್ವವಿದ್ಯಾಲಯ ತಲುಪಿತು. ಸೋಮವಾರ ಹತ್ತು ಗಂಟೆಗೆ ಮೂವರ ಸಮಿತಿಯ ಮುಂದೆ ಬಾ ಎಂದು ಡೀನ್ ಬರೆದರು.

ಭಾನುವಾರ ನೋರೀನ್ ಕೇಳಿದಳು. ಅವಳು ನನ್ನ ಮನೆಗೆ ಬಂದಾಗಿನಿಂದ ಕಿಟಕಿಯ ಹತ್ತಿರ ಕೂರುತ್ತಿರಲಿಲ್ಲ. ಶುಕ್ರವಾರ ವಕೀಲೆಯೊಬ್ಬಳನ್ನು ನೋಡಿ ಬಂದಿದ್ದೆವು. ಅವನು ಹತ್ತಿರ ಬರದಂತೆ ಕೋರ್ಟು ಕೊಡುವ ರಕ್ಷಣೆಯ ಆದೇಶಕ್ಕೆ ಹತ್ತು ದಿನ ಬೇಕೆಂದಿದ್ದಳು.

"ಕೆಲಸ ಹೋಗುತ್ತಾ ಅಕ್ಕಾ?"

"ಹೋಗ್ಬಹುದು."

"ಲೆಕ್ಕ ಸರಿ ಇದೆ ಅಂತ ತೋರ್ಸೋಕೆ ನಿನ್ನ ಹತ್ರ ಹಾಳೆ ಇದೆಯಲ್ಲ?"

"ಇದೆ."

ಅವಳು ಮುಂದೆ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಅವನನ್ನು ತಡೆದು ನಿಲ್ಲಿಸಿರುವುದು ಅವನ ಮರ್ಯಾದೆ ಒಂದೇ. ಲೆಕ್ಕ ತಪ್ಪು ಎಂದು ಊರು ನಂಬಿರುವವರೆಗೆ ಅವನಿಗೆ ಮರ್ಯಾದೆ ಇದೆ. ಆ ಹಾಳೆ ಹೊರಗೆ ಬಂದ ದಿನ ಕಾಫಿ ಅಂಗಡಿ ನಗುತ್ತದೆ. ನಕ್ಕ ಮೇಲೆ ಅವನಿಗೆ ಕಳೆದುಕೊಳ್ಳಲು ಏನೂ ಉಳಿಯುವುದಿಲ್ಲ.

ಸಮಿತಿಯಲ್ಲಿ ಮಧ್ಯದಲ್ಲಿ ಕೂತಿದ್ದಾತ ನನ್ನ ಹಳೆಯ ಸಹೋದ್ಯೋಗಿ. ಒಳ್ಳೆಯ ಮನುಷ್ಯ. ನನ್ನನ್ನು ಉಳಿಸುವ ಮನಸ್ಸು ಅವನಿಗಿತ್ತು.

"ವೆರ್ನಾ, ಯಾರದೋ ಒತ್ತಾಯಕ್ಕೆ ಬರೆದುಕೊಟ್ರಾ? ಹಾಗಿದ್ರೆ ಹೇಳಿಬಿಡಿ. ಮಾತು ಈ ಬಾಗಿಲು ದಾಟಲ್ಲ."

ಬಾಗಿಲು ದಾಟುವುದಿಲ್ಲವಂತೆ. ನಾನೂ ಸಾವಿರಾರು ಜನಕ್ಕೆ ಹಾಗೇ ಹೇಳಿ ಬಾಯಿ ಬಿಡಿಸಿದ್ದೇನೆ.

"ಇಲ್ಲ. ಅಂಕಿ ತಪ್ಪು."

ಅವನು ಬರೆದುಕೊಂಡ. ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ಹೆಂಗಸು ಕನ್ನಡಕ ತೆಗೆದಳು. "ಹಾಗಾದ್ರೆ ಉಳಿದ ಮತಗಟ್ಟೆಗಳು? ಉಳಿದ ಇಪ್ಪತ್ತಮೂರು ವರ್ಷ? ಅವುಗಳಲ್ಲಿ ಯಾವ್ದನ್ನ ನಾವು ನಂಬಬೇಕು?"

ಅವಳು ಕೇಳಿದ್ದು ಸರಿಯಾಗಿತ್ತು. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ, ಇನ್ನೂ ಜೋರಾಗಿ ಕೇಳುತ್ತಿದ್ದೆ. ಆದೇಶ ಬರಲು ಇನ್ನೂ ಏಳು ದಿನ ಇತ್ತು. ನೋರೀನ್ ಮನೆಯಲ್ಲಿ ಒಬ್ಬಳೇ ಇದ್ದಳು.

"ಅದನ್ನ ನೀವೇ ಪರೀಕ್ಷೆ ಮಾಡ್ಕೊಳ್ಳಿ" ಎಂದು ಎದ್ದೆ. "ನನಗೆ ಮನೆಗೆ ಹೋಗ್ಬೇಕು."